ಗುರುನಿವಾಸದಲ್ಲಿ ಒಬ್ಬರೇ ಇರುವ ವಯಸ್ಸಾದ ಫಾದರ್: ಊರಿನವರು ನೋಡಿಕೊಳ್ಳುವ ಬಗೆ

ನಮ್ಮೂರ ಕಥೋಲಿಕ ಚರ್ಚಿನ ಫಾದರ್‌ಗೆ ಆಗ 71 ವರ್ಷ. ಚರ್ಚಿನ ಗುರುಗಳು ಇರುವ ಮನೆ, ಅಂದರೆ ಗುರುನಿವಾಸದಲ್ಲಿ ಒಬ್ಬರೇ ಇದ್ದರು. ಶುಗರ್, ಬಿಪಿ, ಎರಡೂ ಮೊಣಕಾಲಿನಲ್ಲಿ ನೋವು. ಒಂದು ಭಾನುವಾರ ಎರಡು ಹಳ್ಳಿಗಳಲ್ಲಿ ಪೂಜೆ ಮುಗಿಸಿ ಊರಿಗೆ ಬಂದು ಮೂರನೆಯ ಪೂಜೆಗೆ ನಿಂತವರು, ಬೈಬಲಿನ ಶುಭಸಂದೇಶದ ಒಂದೇ ಸಾಲನ್ನು ಎರಡು ಸಲ ಓದಿದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಏಪ್ರಿಲ್ ತಿಂಗಳ ರಾಯಚೂರು ಬಿಸಿಲು, ಬೆವರದೆ ಇರುತ್ತಾರೆಯೇ ಎಂದು ಎಲ್ಲರೂ ಸುಮ್ಮನೆ ಕೂತೆವು. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದ ನಾನೂ ಅಲ್ಲೇ ಇದ್ದೆ, ನನಗೂ ಹೊಳೆಯಲಿಲ್ಲ. ಪೂಜಾವಸ್ತ್ರ ತೆಗೆಯುವಾಗ ಅವರ ಕೈ ನಡುಗಿತು, ಗೋಡೆ ಹಿಡಿದು ನಿಂತರು. ಮನೆಯಿಂದ ಗ್ಲುಕೋಮೀಟರ್ ತರಿಸಿ ನೋಡಿದರೆ ಶುಗರ್ 52. ನಸುಕಿನ ಐದೂವರೆಗೆ ಗುಳಿಗೆ ನುಂಗಿದ್ದರು. ಹನ್ನೊಂದಾದರೂ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸಕ್ಕರೆ ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅವರು ಹೇಳಿದ್ದು ಇಷ್ಟೇ: "ಪೂಜೆಗಿಂತ ಮುಂಚೆ ತಿನ್ನಬಾರದಲ್ಲಮ್ಮಾ."

ನಮ್ಮ ಚರ್ಚು ಸೇರಿರುವ ಬಳ್ಳಾರಿ ಧರ್ಮಕ್ಷೇತ್ರ, ಅಂದರೆ ಒಬ್ಬ ಧರ್ಮಾಧ್ಯಕ್ಷರ (ಬಿಷಪ್) ಕೈಕೆಳಗಿನ ಸೀಮೆ, ಆದದ್ದು 1949ರಲ್ಲಿ. ಬಳ್ಳಾರಿ, ರಾಯಚೂರು, ಕೊಪ್ಪಳ, ಈಗ ವಿಜಯನಗರ ಎಂದು ಬೇರೆಯಾಗಿರುವ ಜಿಲ್ಲೆಯೂ ಸೇರಿ ವಿಸ್ತಾರ ದೊಡ್ಡದು, ಗುರುಗಳು ಕಡಿಮೆ. ಮುಖ್ಯ ಚರ್ಚಿನ ಜೊತೆಗೆ ಸುತ್ತಲಿನ ಹಳ್ಳಿಗಳನ್ನೂ ಒಬ್ಬರೇ ನೋಡಬೇಕು. ಹೆಂಡತಿ, ಮಕ್ಕಳು, ಸೊಸೆ ಯಾರೂ ಇಲ್ಲದ ಮನೆಯಲ್ಲಿ ಗುಳಿಗೆ ನೆನಪಿಸುವವರಿಲ್ಲ. ನಮ್ಮ ಮನೆಗಳಲ್ಲಿ ದಿನ ನಡೆಯುವುದು ಒಲೆಯ ಹೊತ್ತಿಗೆ, ಫಾದರ್ ದಿನ ನಡೆಯುವುದು ಪೂಜೆಯ ಗಂಟೆಗೆ. ಅದಕ್ಕೇ ಅವರ ಊಟ, ಗುಳಿಗೆ, ನೀರು, ನಿದ್ದೆ ಎಲ್ಲವನ್ನೂ ಪೂಜೆಯ ಹೊತ್ತಿನ ಸುತ್ತಲೇ ಕೂರಿಸಬೇಕು. ಆ ಭಾನುವಾರದ ನಂತರ ನಾವು ಮಾಡಿಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಗುಳಿಗೆಯ ಪ್ರಮಾಣ ಮತ್ತು ಹೊತ್ತನ್ನು ಬದಲಿಸುವುದು ಮಾತ್ರ ಅವರನ್ನು ನೋಡುವ ಡಾಕ್ಟರ ಕೆಲಸ.

1. ಹೊಣೆ ಒಬ್ಬರ ಮೇಲಿರಲಿ

"ಎಲ್ಲರೂ ನೋಡಿಕೊಳ್ಳೋಣ" ಎಂದಲ್ಲಿ ಯಾರೂ ನೋಡುವುದಿಲ್ಲ. ಚರ್ಚಿನ ಹತ್ತಿರ ಮನೆ ಇರುವ, ದಿನಕ್ಕೆ ಎರಡು ಸಲ ಗುರುನಿವಾಸದ ಬಾಗಿಲು ತಟ್ಟಬಲ್ಲ ಒಬ್ಬರನ್ನು ಚರ್ಚಿನ ಕೆಲಸಕ್ಕೆ ನೆರವಾಗುವ ಪಾಲನಾ ಮಂಡಳಿಯ ಸಭೆಯಲ್ಲೇ ಗೊತ್ತು ಮಾಡಿ. ಅವರು ಊರಿಗೆ ಹೋದಾಗ ನೋಡಲು ಇನ್ನೊಬ್ಬರಿರಲಿ. ಹತ್ತಿರದಲ್ಲಿ ಸಿಸ್ಟರುಗಳ ಕಾನ್ವೆಂಟ್ ಇದ್ದರೂ ಎಲ್ಲವನ್ನೂ ಅವರ ಮೇಲೆ ಹಾಕಬೇಡಿ, ಅವರಿಗೂ ಶಾಲೆ, ದವಾಖಾನೆಯ ಕೆಲಸವಿದೆ.

ಅಡುಗೆಯವರನ್ನು ಈ ಮಾತಿನಿಂದ ಹೊರಗಿಡಬೇಡಿ. ಫಾದರ್ ರಾತ್ರಿ ಅರ್ಧ ಊಟ ಬಿಟ್ಟದ್ದು, ತಟ್ಟೆಯ ಕೆಳಗೆ ಗುಳಿಗೆ ಸಿಕ್ಕಿದ್ದು ಮೊದಲು ಗೊತ್ತಾಗುವುದು ಅವರಿಗೇ.

ಕೇಳುವ ರೀತಿಯೂ ಮುಖ್ಯ. "ಫಾದರ್, ಆರಾಮ ಅದೀರೇನ್ರಿ?" ಎಂದರೆ "ಆರಾಮ ಅದೀನಿ" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ನಲವತ್ತು ವರ್ಷ ಊರಿನವರ ಕಷ್ಟ ಕೇಳಿದವರು ತಮ್ಮ ಕಷ್ಟ ಹೇಳಲು ಕಲಿತಿರುವುದಿಲ್ಲ. "ಬೆಳಿಗ್ಗೆ ಗುಳಿಗೆ ಎಷ್ಟು ಹೊತ್ತಿಗೆ ತಗೊಂಡ್ರಿ? ರಾತ್ರಿ ಎಷ್ಟು ಸಲ ಎದ್ರಿ? ಕಾಲು ತೋರಿಸ್ರಿ" ಎಂದು ಬಿಡಿಬಿಡಿಯಾಗಿ ಕೇಳಿ. ಮೊದಲ ವಾರ ಮುಜುಗರ ಪಡುತ್ತಾರೆ, ಆಮೇಲೆ ತಾವೇ ಹೇಳುತ್ತಾರೆ.

2. ಒಂದು ನೋಟ್‌ಬುಕ್ ಮಾಡಿ

ಇನ್ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಮೊದಲ ಪುಟದಲ್ಲಿ ಅವರ ರಕ್ತದ ಗುಂಪು, ಯಾವ ಔಷಧ ಒಗ್ಗುವುದಿಲ್ಲ, ಆಗಿರುವ ಆಪರೇಷನ್‌ಗಳು, ನೋಡುವ ಡಾಕ್ಟರ್, ಹುಟ್ಟೂರಿನ ತಮ್ಮನದೋ ಅಕ್ಕನದೋ ಫೋನ್ ನಂಬರ್, ಧರ್ಮಾಧ್ಯಕ್ಷರ ನಿವಾಸದ ನಂಬರ್, ಆರೋಗ್ಯ ವಿಮೆಯ ಕಾರ್ಡಿನ ನಂಬರ್ ಬರೆಯಿರಿ. ಎರಡನೆಯ ಪುಟದಲ್ಲಿ ಈಗ ತೆಗೆದುಕೊಳ್ಳುವ ಗುಳಿಗೆಗಳ ಹೆಸರು, ಪ್ರಮಾಣ, ಹೊತ್ತು. ಮುಂದಿನ ಪುಟಗಳಲ್ಲಿ ತಾರೀಖಿನೊಂದಿಗೆ ಬಿಪಿ, ಶುಗರ್, ತೂಕ. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಿ. ಮೆಟ್ಟಿಲು ಹತ್ತಿ ಬಂದ ಕೂಡಲೇ ನೋಡಿದ ಬಿಪಿಗೆ ಬೆಲೆಯಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ನೋಟ್‌ಬುಕ್ ಜೊತೆಗೆ ಮನೆಯಲ್ಲಿರುವ ಎಲ್ಲ ಗುಳಿಗೆ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಒಯ್ಯಿರಿ. ನಮ್ಮ ಫಾದರ್ ಕಪಾಟಿನಲ್ಲಿ ಬೇರೆ ಬೇರೆ ಡಾಕ್ಟರು ಬರೆದ ಒಂದೇ ಬಿಪಿ ಗುಳಿಗೆ ಎರಡು ಹೆಸರಿನಲ್ಲಿತ್ತು, ಎರಡನ್ನೂ ನುಂಗುತ್ತಿದ್ದರು.

3. ಗುಳಿಗೆಯನ್ನು ಪೂಜೆಯೊಂದಿಗೆ ಹೊಂದಿಸಿ

ಇಲ್ಲಿ ತಪ್ಪಿದರೆ ಮಿಕ್ಕದ್ದೆಲ್ಲ ವ್ಯರ್ಥ, ಹಾಗಾಗಿ ನಿಧಾನವಾಗಿ ಓದಿ.

ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಉಪವಾಸವಿರಬೇಕೆಂಬ ನಿಯಮ ಎಲ್ಲರಿಗೂ ಗೊತ್ತು. ಅದೇ ನಿಯಮದ ಮುಂದಿನ ಮಾತು ಹೆಚ್ಚಿನವರಿಗೆ ಗೊತ್ತಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೇ ವಿಧಿಯ ಪ್ರಕಾರ ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಆ ಒಂದು ಗಂಟೆಯ ಕಟ್ಟು ಇಲ್ಲ. ಒಂದೇ ದಿನ ಎರಡು ಮೂರು ಪೂಜೆ ಮಾಡುವ ಗುರುಗಳು ಎರಡನೆಯ, ಮೂರನೆಯ ಪೂಜೆಗೆ ಮುಂಚೆ ಗಂಟೆಯೊಳಗೇ ಏನಾದರೂ ತಿನ್ನಬಹುದು ಎಂದೂ ಅಲ್ಲೇ ಇದೆ. ಫಾದರ್ ಇದನ್ನು ಸೆಮಿನರಿಯಲ್ಲಿ ಓದಿರುತ್ತಾರೆ, ಜನರಿಗೆ ಹೇಳಿಯೂ ಇರುತ್ತಾರೆ. ತಮಗೆ ಅನ್ವಯಿಸಿಕೊಳ್ಳುವುದಿಲ್ಲ ಅಷ್ಟೇ. ಅದನ್ನು ಪ್ರೀತಿಯಿಂದ ನೆನಪಿಸಿ.

ಹಾಗೆಯೇ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಉಪವಾಸ. ಬೂದಿ ಬುಧವಾರ, ಶುಭ ಶುಕ್ರವಾರಗಳ ಉಪವಾಸದ ಕಟ್ಟಳೆ 18 ತುಂಬಿದವರಿಂದ 59 ತುಂಬುವವರೆಗೆ ಮಾತ್ರ. ಎಪ್ಪತ್ತು ದಾಟಿದ, ಶುಗರ್ ಇರುವ ಫಾದರ್ ಆ ದಿನ ಉಣ್ಣುವುದರಲ್ಲಿ ಯಾವ ತಪ್ಪೂ ಇಲ್ಲ. ಜನರ ಎದುರು ಉಣ್ಣಲು ಅವರಿಗೆ ಸಂಕೋಚವಾದರೆ ಊಟವನ್ನು ಒಳಗೆ ಕೊಟ್ಟು ಬಾಗಿಲು ಎಳೆದುಕೊಂಡು ಬನ್ನಿ.

ಈಗ ಗುಳಿಗೆ. ಗ್ಲಿಮೆಪಿರೈಡ್ ಜಾತಿಯ ಶುಗರ್ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು ಉಣ್ಣದೆ ಇದ್ದರೆ ಶುಗರ್ ಧಡಕ್ಕನೆ ಇಳಿಯುತ್ತದೆ. ಬೆಳಗಿನ ಪೂಜೆ ಆರೂವರೆಗೆ ಇದ್ದರೆ ಎರಡು ದಾರಿಗಳಿವೆ. ಐದೂಮುಕ್ಕಾಲಿಗೆ ಎರಡು ಇಡ್ಲಿಯೋ ಒಂದು ಬಟ್ಟಲು ಉಪ್ಪಿಟ್ಟೋ ತಿಂದು ಗುಳಿಗೆ ನುಂಗುವುದು ಒಂದು, ಪೂಜೆ ಮುಗಿಸಿ ಏಳೂವರೆಗೆ ತಿಂಡಿಯ ಜೊತೆಗೆ ನುಂಗುವುದು ಇನ್ನೊಂದು. ಯಾವುದು ಸರಿ ಎಂದು ಡಾಕ್ಟರನ್ನು ಕೇಳುವಾಗ "ಬೆಳಿಗ್ಗೆ ಒಂದು, ರಾತ್ರಿ ಒಂದು" ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ. "ಭಾನುವಾರ ಮೂರು ಪೂಜೆ ಇರ್ತಾವ್ರಿ, ಹನ್ನೊಂದರ ತನಕ ಊಟ ಸಿಗೋದಿಲ್ಲ, ಆ ದಿನಕ್ಕೆ ಏನು ಮಾಡೋಣ?" ಎಂದು ಕೇಳಿ ಭಾನುವಾರಕ್ಕೆ ಬೇರೆ ಪಟ್ಟಿ ಬರೆಸಿಕೊಳ್ಳಿ.

ಬಿಪಿಗೆ, ಕಾಲಿನ ಊತಕ್ಕೆ ಮೂತ್ರ ಇಳಿಸುವ ಗುಳಿಗೆ ಕೊಟ್ಟಿರುತ್ತಾರೆ. ಅದನ್ನು ಪೂಜೆಗೆ ಮುಂಚೆ ನುಂಗಿದರೆ ಪ್ರಬೋಧನೆಯ (ಪ್ರವಚನದ) ಹೊತ್ತಿಗೆ ಮೂತ್ರಕ್ಕೆ ಅವಸರವಾಗುತ್ತದೆ. ಬಾಯಿಬಿಟ್ಟು ಹೇಳಲಾಗದೆ ಭಾನುವಾರದ ಮಟ್ಟಿಗೆ ಗುಳಿಗೆಯನ್ನೇ ಬಿಟ್ಟುಬಿಡುವ ಗುರುಗಳಿದ್ದಾರೆ. ಇದನ್ನು ನಾವೇ ಊಹಿಸಿ ಡಾಕ್ಟರ ಹತ್ತಿರ ಮಾತೆತ್ತಬೇಕು. ಹೊತ್ತು ಬದಲಿಸಲು ಬಂದರೆ ಅವರೇ ಬದಲಿಸಿ ಕೊಡುತ್ತಾರೆ.

ಪೂಜೆಯಲ್ಲಿ ಸ್ವಲ್ಪ ದ್ರಾಕ್ಷಾರಸ ಕುಡಿಯುತ್ತಾರೆ ಎನ್ನುವುದನ್ನೂ ಡಾಕ್ಟರಿಗೆ ತಿಳಿಸಿ. ಮದ್ಯದೊಂದಿಗೆ ಬೇಡ ಎನ್ನುವ ಔಷಧಗಳಿವೆ, ಹೊಟ್ಟೆ ಕೆಟ್ಟಾಗ ಕೊಡುವ ಮೆಟ್ರೊನಿಡಜೋಲ್ ಅಂಥದ್ದು. ದ್ರಾಕ್ಷಾರಸ ಒಗ್ಗದ ಗುರುಗಳಿಗೆ ಧರ್ಮಾಧ್ಯಕ್ಷರ ಅನುಮತಿಯಿಂದ ಮುಸ್ತುಮ್, ಅಂದರೆ ಹುದುಗು ಏರದಂತೆ ತಡೆದ ದ್ರಾಕ್ಷಿರಸ ಬಳಸಲು ಅವಕಾಶವಿದೆ.

ಪೂಜಾವಸ್ತ್ರದ ಕೋಣೆಯಲ್ಲಿ ಒಂದು ಡಬ್ಬಿ ಸಕ್ಕರೆ, ಲೋಟ, ನೀರು ಸದಾ ಇರಲಿ. ಹಳ್ಳಿಗೆ ಒಯ್ಯುವ ಪೂಜಾ ಪೆಟ್ಟಿಗೆಯಲ್ಲೂ ಒಂದು ಪೊಟ್ಟಣ ಸಕ್ಕರೆ ಇರಲಿ. ಬೆವರು, ನಡುಕ, ಓದುವಾಗ ತಡವರಿಕೆ, ಎಂದಿಲ್ಲದ ಸಿಟ್ಟು ಕಂಡರೆ ಪೂಜೆಯ ನಡುವೆಯೇ ಆದರೂ ಹತ್ತಿರ ಹೋಗಿ. ಶುಗರ್ 70ಕ್ಕಿಂತ ಕೆಳಗಿದ್ದರೆ, ಅಥವಾ ನೋಡಲು ಮಿಷನ್ ಇಲ್ಲದಿದ್ದರೂ, ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಆಮೇಲೆ ಬಿಸ್ಕತ್ತೋ ರೊಟ್ಟಿಯೋ ತಿನ್ನಿಸಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಒಂದು ಹನಿಯನ್ನೂ ಹಾಕಬೇಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಿ.

ಇನ್ಸುಲಿನ್ ಇದ್ದರೆ ನಮ್ಮ ಸೀಮೆಯಲ್ಲಿ ಇನ್ನೊಂದು ಚಿಂತೆ. ತೆರೆಯದ ಬಾಟಲಿ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಐಸ್ ಪೆಟ್ಟಿಗೆಗೆ ಹೋಗಬಾರದು. ಬಳಸುತ್ತಿರುವುದನ್ನು ಹೊರಗಿಡಬಹುದು, ಆದರೆ ಏಪ್ರಿಲ್, ಮೇನಲ್ಲಿ ನಮ್ಮ ಮನೆಯೊಳಗಿನ ಸೆಕೆಯೇ ಅದಕ್ಕೆ ಹೆಚ್ಚು. ದಿನಗಟ್ಟಲೆ ಕರೆಂಟ್ ಹೋದರೆ ದೊಡ್ಡ ಮಣ್ಣಿನ ಗಡಿಗೆಯಲ್ಲಿ ಸ್ವಲ್ಪ ನೀರು ಹಾಕಿ, ಒಳಗೆ ಸಣ್ಣ ಕುಡಿಕೆ ಇಟ್ಟು, ಅದರಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಇನ್ಸುಲಿನ್ ಇಟ್ಟು ಒದ್ದೆ ಬಟ್ಟೆ ಮುಚ್ಚಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ, ಬೈಕಿನ ಪೆಟ್ಟಿಗೆಯಲ್ಲಿ ಎಂದೂ ಬಿಡಬೇಡಿ.

ಮೊಣಕಾಲಿನ ನೋವಿಗೆ ಮೆಡಿಕಲ್‌ನಿಂದ ನೋವಿನ ಗುಳಿಗೆ ತಂದು ಕೊಡುವ ಪ್ರೀತಿ ಬೇಡ. ಡೈಕ್ಲೊಫೆನಾಕ್‌ನಂಥ ಗುಳಿಗೆಗಳನ್ನು ದಿನಾ ನುಂಗಿದರೆ ಬಿಪಿ ಏರುತ್ತದೆ, ಮೂತ್ರಪಿಂಡ ಕೆಡುತ್ತದೆ. ಶುಗರ್ ಇರುವವರ ಮೂತ್ರಪಿಂಡ ಮೊದಲೇ ಸೂಕ್ಷ್ಮ.

4. ಊಟ

ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆ, ಮಜ್ಜಿಗೆ. ನಮ್ಮ ದಿನದ ಊಟವೇ ಅವರಿಗೆ ಒಳ್ಳೆಯದು. ರೊಟ್ಟಿಯೂ ಲೆಕ್ಕಕ್ಕಿರಲಿ, ಜೋಳವೆಂದು ಐದು ತಿಂದರೆ ಶುಗರ್ ಏರದೆ ಇರುವುದಿಲ್ಲ. ಹಲ್ಲು ಹೋದವರಿಗೆ ಕಡಕ್ ರೊಟ್ಟಿ ಆಗದು, ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕೊಡಿ.

ಕೆಡುಕು ಬರುವುದು ಹಬ್ಬದ ಊಟದಿಂದ. ಕ್ರಿಸ್ತ ಜಯಂತಿಗೆ ಮೂವತ್ತು ಮನೆಯ ಕರ್ಜಿಕಾಯಿ, ಮದುವೆಗೆ ಹೋಳಿಗೆ, ಮನೆ ಆಶೀರ್ವಾದಕ್ಕೆ ಮಿರ್ಚಿ, ಎಲ್ಲ ಮನೆಯಲ್ಲೂ ಸಕ್ಕರೆ ಚಹಾ. ಬೇಡವೆಂದರೆ ಆ ಮನೆಯವರು ನೊಂದುಕೊಳ್ಳುತ್ತಾರೆಂದು ಫಾದರ್ ತಿನ್ನುತ್ತಾರೆ. ನಾವು ಪೂಜೆಯ ಕೊನೆಯ ಪ್ರಕಟಣೆಯಲ್ಲಿ ಹೇಳಿಸಿದೆವು: ಫಾದರ್‌ಗೆ ಏನಾದರೂ ಕೊಡಬೇಕೆನಿಸಿದರೆ ಪೇರಲ, ಸೌತೆಕಾಯಿ, ಮೊಳಕೆಕಾಳು ಕೊಡಿ, ಮನೆಗೆ ಬಂದಾಗ ಸಕ್ಕರೆ ಇಲ್ಲದ ಚಹಾ ಅಥವಾ ಮಜ್ಜಿಗೆ ಕೊಡಿ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಪಿ ಇರುವವರ ತಟ್ಟೆಯಿಂದ ದೂರ ಇರಲಿ.

ರಾಯಚೂರು, ಕೊಪ್ಪಳದ ಹಲವು ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಳ್ಳಿಗೆ ಹೋಗುವಾಗ ಶುದ್ಧ ನೀರಿನ ಬಾಟಲಿ ಜೊತೆಗೆ ಕೊಡಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ಡಾಕ್ಟರು ನೀರಿಗೂ ಅಳತೆ ಹೇಳಿದ್ದರೆ ಬೇಸಿಗೆಯಲ್ಲೂ ಆ ಅಳತೆ ಮೀರಬಾರದು.

5. ಬಲಿಪೀಠದ ಹತ್ತಿರ

ಬಲಿಪೀಠದ ಮೆಟ್ಟಿಲಿಗೆ ಒಂದು ಕಂಬಿ ಹಾಕಿಸಿ. ಜಾರುವ ಕಾರ್ಪೆಟ್ ತೆಗೆಸಿ. ಪೂಜಾ ಪುಸ್ತಕದ ಅಕ್ಷರ ಕಾಣದಿದ್ದರೆ ಆ ದಿನದ ಪ್ರಾರ್ಥನೆಗಳನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆದು ಫೈಲಿನಲ್ಲಿಡಿ, ಯುವಕರಿಗೆ ಅರ್ಧ ಗಂಟೆಯ ಕೆಲಸ. ಗುರುಗಳ ದಿನದ ಪ್ರಾರ್ಥನಾ ಪುಸ್ತಕವಾದ ಬ್ರೆವಿಯರಿಯನ್ನು ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ ಓದಲು ಕಲಿಸಿಕೊಡಿ.

ನಿಲ್ಲಲಾಗದ, ವಯಸ್ಸಾದ ಗುರುಗಳು ಕುಳಿತು ಬಲಿಪೂಜೆ ಅರ್ಪಿಸಬಹುದು ಎಂದು ಅದೇ ಕಾನೂನು ಸಂಹಿತೆಯ 930ನೇ ವಿಧಿ ಹೇಳುತ್ತದೆ. ಜನರೊಂದಿಗೆ ಹಾಗೆ ಅರ್ಪಿಸಲು ಧರ್ಮಾಧ್ಯಕ್ಷರ ಅನುಮತಿ ಬೇಕು. ಆ ಅನುಮತಿಯನ್ನು ಫಾದರ್ ತಾವಾಗಿ ಕೇಳುವುದಿಲ್ಲ, ಕೇಳಿದರೆ ತಮ್ಮನ್ನು ಇಲ್ಲಿಂದ ತೆಗೆದುಬಿಡುತ್ತಾರೆಂಬ ಅಳುಕು. ಪಾಲನಾ ಮಂಡಳಿಯೇ ವಿನಯದಿಂದ ಪತ್ರ ಬರೆಯಲಿ. ಎತ್ತರದ ಸ್ಟೂಲ್ ಸಾಕು, ದೊಡ್ಡ ಕುರ್ಚಿ ಬೇಡ. ಮೊಣಕಾಲೂರಲು ಆಗದವರು ತಲೆಬಾಗಿ ನಮಿಸಿದರೆ ಸಾಕು. ಮೊಣಕಾಲೂರಿ ತಟ್ಟನೆ ಎದ್ದಾಗ ಬಿಪಿ ಇಳಿದು ಕಣ್ಣು ಕತ್ತಲಾಗುವುದು ಸಾಮಾನ್ಯ, ಹತ್ತಿರ ನಿಲ್ಲುವ ಸೇವಕ ಹುಡುಗರಿಗೆ ತೋಳು ಹಿಡಿಯಲು ಹೇಳಿಕೊಡಿ.

ಪಾಪನಿವೇದನೆ ಕೇಳುವ ಜಾಗದಲ್ಲಿ ಫ್ಯಾನ್ ಇರಲಿ. ಕಿವಿ ಮಂದವಾಗಿದ್ದರೆ ಶ್ರವಣ ಸಾಧನಕ್ಕೆ ತಡ ಮಾಡಬೇಡಿ. ಫಾದರ್‌ಗೆ ಕೇಳಿಸುವುದಿಲ್ಲವೆಂದು ಜನ ಗಟ್ಟಿಯಾಗಿ ಹೇಳಬೇಕಾಗಿ ಬಂದರೆ ಪಾಪನಿವೇದನೆಗೆ ಬರುವುದನ್ನೇ ಬಿಡುತ್ತಾರೆ, ಫಾದರ್‌ಗೆ ಅದಕ್ಕಿಂತ ದೊಡ್ಡ ನೋವಿಲ್ಲ.

6. ಪವಿತ್ರ ವಾರವನ್ನು ಮುಂಚಿತವಾಗಿ ಯೋಜಿಸಿ

ವರ್ಷದಲ್ಲಿ ಅತಿ ಹೆಚ್ಚು ದಣಿಯುವ, ಈಸ್ಟರ್‌ಗೆ ಮುಂಚಿನ ಈ ವಾರ ಬರುವುದು ಬಿಸಿಲು ನಲವತ್ತರ ಹತ್ತಿರ ಇರುವಾಗಲೇ. ಹದಿನೈದು ದಿನ ಮೊದಲೇ ಫಾದರ್ ಜೊತೆ ಕೂತು ಏನು ಮಾಡುವುದು, ಏನು ಬಿಡುವುದು ಎಂದು ಬರೆದುಕೊಳ್ಳಿ. ಪೂಜಾ ವಿಧಿಯೇ ಸಾಕಷ್ಟು ಸಡಿಲ ಕೊಟ್ಟಿದೆ. ಗರಿಗಳ ಭಾನುವಾರ ಊರು ಸುತ್ತುವ ಮೆರವಣಿಗೆಯ ಬದಲು ಚರ್ಚಿನ ಬಾಗಿಲಿನಿಂದ ಪ್ರವೇಶಿಸುವ ಕಿರಿದಾದ ವಿಧಿಯೂ ಇದೆ. ಪವಿತ್ರ ಗುರುವಾರ ಕಾಲು ತೊಳೆಯುವುದು ಕಡ್ಡಾಯವಲ್ಲ. ಶುಭ ಶುಕ್ರವಾರ ನೆಲಕ್ಕೆ ಬೋರಲು ಬೀಳುವ ಬದಲು ಮೊಣಕಾಲೂರಬಹುದು, ಯೇಸುವಿನ ಪಾಡಿನ ವಾಚನವನ್ನು ಭಕ್ತರೂ ಹಂಚಿಕೊಂಡು ಓದಬಹುದು. ಈಸ್ಟರ್ ಹಿಂದಿನ ರಾತ್ರಿಯ ಪಾಸ್ಕ ಜಾಗರಣೆಯಲ್ಲಿ ಹಳೆ ಒಡಂಬಡಿಕೆಯ ಏಳು ವಾಚನಗಳನ್ನು ಮೂರಕ್ಕೆ ಇಳಿಸಬಹುದು. ಇಸ್ರಯೇಲರು ಕೆಂಪು ಸಮುದ್ರ ದಾಟಿದ ವಾಚನ ಮಾತ್ರ ಬಿಡುವಂತಿಲ್ಲ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳುತ್ತೇನೆ: ಹೊರಗೆ ನಡೆಯುವ ಶಿಲುಬೆ ಹಾದಿಗೆ ಶುಗರ್ ಇರುವ ಫಾದರ್‌ನ್ನು ಬರಿಗಾಲಲ್ಲಿ ನಡೆಯಲು ಬಿಡಬೇಡಿ. ಕಾದ ನೆಲ ಸುಡುತ್ತಿರುವುದು ಅವರ ಪಾದಕ್ಕೆ ತಿಳಿಯುವುದಿಲ್ಲ. ಬೊಬ್ಬೆ ಎದ್ದು ಹುಣ್ಣಾಗಿ ಬೆರಳು ತೆಗೆಯುವವರೆಗೆ ಹೋದವರನ್ನು ನಾನು ವಾರ್ಡಿನಲ್ಲಿ ನೋಡಿಕೊಂಡಿದ್ದೇನೆ. ಮೆತ್ತನೆಯ ಚಪ್ಪಲಿ ಹಾಕಲಿ, ಬೆಳಿಗ್ಗೆ ಏಳರೊಳಗೆ ಮುಗಿಯಲಿ. ಉಳಿದ ದಿನಗಳಲ್ಲೂ ರಾತ್ರಿ ಮಲಗುವ ಮುನ್ನ ಪಾದದ ಅಡಿ, ಬೆರಳ ಸಂದು ನೋಡಬೇಕು. ಬಗ್ಗಲಾಗದಿದ್ದರೆ ಕನ್ನಡಿ ಹಿಡಿದು ನೋಡಿಕೊಳ್ಳಲಿ.

7. ತಿರುಗಾಟ

ಎಪ್ಪತ್ತರ ನಂತರ ಬೈಕ್ ಬೇಡ. ಕಾರು ಇರುವ ಮನೆಗಳು ಭಾನುವಾರಗಳನ್ನು ಹಂಚಿಕೊಳ್ಳಲಿ. ಕಾಯಿಲೆಯವರಿಗೆ ಪರಮಪ್ರಸಾದ ಒಯ್ಯುವ ಕೆಲಸಕ್ಕೆ ಧರ್ಮಾಧ್ಯಕ್ಷರಿಂದ ನೇಮಕವಾದ ಭಕ್ತರಿರಬಹುದು, ವಯಸ್ಸು, ನಿಶ್ಶಕ್ತಿಯಿಂದ ಫಾದರ್‌ಗೆ ಆಗದಾಗ ಪೂಜೆಯಲ್ಲೂ ಅವರು ಹಂಚಬಹುದು. ವ್ಯಾಧಿಸ್ಥರ ಅಭ್ಯಂಗ, ಅಂದರೆ ಕಾಯಿಲೆಯವರಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ, ಮಾತ್ರ ಗುರುಗಳೇ ಕೊಡಬೇಕು. ಆದ್ದರಿಂದ ನಮ್ಮ ಮನೆಯ ಹಿರಿಯರು ಹಾಸಿಗೆ ಹಿಡಿದಾಗ ನಡುರಾತ್ರಿವರೆಗೆ ಕಾಯದೆ ಹಗಲಿನಲ್ಲೇ ಕರೆಯೋಣ. ಆ ಸಂಸ್ಕಾರ ಸಾಯುವ ಗಳಿಗೆಗೆ ಮೀಸಲಾದದ್ದಲ್ಲ. ಫಾದರ್ ತಾವೇ ಆಪರೇಷನ್‌ಗೆ ಹೋಗುವಾಗ ಪಕ್ಕದ ಧರ್ಮಕೇಂದ್ರದ (ಚರ್ಚಿನ) ಗುರುಗಳನ್ನು ಅವರಿಗಾಗಿ ಕರೆಸಿ, ಇದನ್ನು ಬಹಳ ಜನ ಮರೆಯುತ್ತಾರೆ.

8. ರಾತ್ರಿ

ಬಚ್ಚಲುಮನೆಗೆ ಹಿಡಿಕೆ, ಒರಟು ನೆಲ, ರಾತ್ರಿಯಿಡೀ ಉರಿಯುವ ಸಣ್ಣ ದೀಪ. ಒಳಗಿನ ಚಿಲಕ ತೆಗೆಸಿ, ಹೊರಗಿನಿಂದಲೂ ತೆರೆಯುವಂಥದ್ದು ಹಾಕಿಸಿ. ಗುರುನಿವಾಸದ ಒಂದು ಕೀಲಿ ಹೊಣೆ ಹೊತ್ತವರ ಮನೆಯಲ್ಲಿರಲಿ. ನಮ್ಮಲ್ಲಿ ಇನ್ನೊಂದು ಗುರುತಿದೆ: ಫಾದರ್ ಏಳುತ್ತಲೇ ಹೊರಗಿನ ದೀಪ ಹಾಕುತ್ತಾರೆ, ಐದೂವರೆಗೆ ಅದು ಹತ್ತದಿದ್ದರೆ ಎದುರು ಮನೆಯವರು ಕೀಲಿ ತೆಗೆದುಕೊಂಡು ಹೋಗುತ್ತಾರೆ.

ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಹೆಪ್ಪು ಕರಗಿಸುವ ಔಷಧ ಕೊಡಲು ಸಿಗುವುದು ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಎದೆ ನೋವೇ ಇಲ್ಲದೆ ಬರೀ ಏದುಸಿರು, ತಣ್ಣನೆ ಬೆವರು ಬಂದರೂ ಶುಗರ್ ಇರುವವರಲ್ಲಿ ಅದು ಹೃದಯಾಘಾತ ಆಗಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಇವುಗಳಲ್ಲಿ ನಿಮ್ಮೂರಿಗೆ ಯಾವುದು ಹತ್ತಿರ, ಎಷ್ಟು ಹೊತ್ತಿನ ದಾರಿ ಎಂದು ಈಗಲೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.

9. ಎಪ್ಪತ್ತೈದರ ಮಾತು

75 ತುಂಬಿದ ಧರ್ಮಕೇಂದ್ರದ ಗುರುಗಳು ಧರ್ಮಾಧ್ಯಕ್ಷರಿಗೆ ರಾಜೀನಾಮೆ ಸಲ್ಲಿಸಬೇಕೆಂದು ಕೋರಲಾಗುತ್ತದೆ. ಒಪ್ಪುವುದೋ ಮುಂದೂಡುವುದೋ ಧರ್ಮಾಧ್ಯಕ್ಷರ ತೀರ್ಮಾನ, ನಿವೃತ್ತರಿಗೆ ವಸತಿ, ಜೀವನಾಧಾರ ನೋಡುವುದೂ ಅವರ ಹೊಣೆ. "ಹೊಸ ಫಾದರ್ ಯಾವಾಗ ಬರ್ತಾರ?" ಎಂದು ಅವರ ಕಿವಿಗೆ ಬೀಳುವಂತೆ ಮಾತಾಡಬೇಡಿ. ಸಂಜೆ ಪೂಜೆಯ ನಂತರ ಜನ ಚದುರಿದ ಮೇಲಿನ ಎರಡು ಗಂಟೆ ಅವರಿಗೆ ಬಹಳ ಉದ್ದ. ಯಾವ ಕೆಲಸವೂ ಇಲ್ಲದೆ ಹೋಗಿ ಕಟ್ಟೆಯ ಮೇಲೆ ಕೂತು ಮಳೆ, ತೊಗರಿ, ಮಕ್ಕಳ ಪರೀಕ್ಷೆ ಮಾತಾಡಿ ಬನ್ನಿ. ಊಟ ಬಿಡುವುದು, ನಿದ್ದೆ ಕೆಡುವುದು, ಪ್ರಬೋಧನೆ ತಯಾರಿಸದೆ ಬರುವುದು ಎರಡು ವಾರ ಮುಂದುವರಿದರೆ ಅದನ್ನೂ ಡಾಕ್ಟರಿಗೆ ಹೇಳಿ, ಮನಸ್ಸಿನ ಕಾಯಿಲೆಗೂ ಔಷಧ ಇದೆ.

10. ವರ್ಗಾವಣೆಯಾದಾಗ

ನೋಟ್‌ಬುಕ್ಕನ್ನು ಫಾದರ್ ಪೆಟ್ಟಿಗೆಯಲ್ಲಿ ತುಂಬಿ ಕಳಿಸಬೇಡಿ, ಅದು ಪುಸ್ತಕಗಳ ಅಡಿಗೆ ಸೇರುತ್ತದೆ. ಅವರನ್ನು ಬಿಟ್ಟುಬರಲು ಹೋಗುವವರೇ ಒಯ್ಯಲಿ. ಹೊಸ ಊರಿನಲ್ಲಿ ಹೊಣೆ ಹೊರುವವರು ಯಾರೆಂದು ಕೇಳಿ ಅವರ ಕೈಗೆ ಕೊಟ್ಟು, ಭಾನುವಾರದ ಗುಳಿಗೆ ಪಟ್ಟಿಯನ್ನು ಬೆರಳಿಟ್ಟು ತೋರಿಸಿ, ಮೊದಲ ಪುಟದ ನಂಬರುಗಳಲ್ಲಿ ಬದಲಿಸಬೇಕಾದವನ್ನು ಅಲ್ಲೇ ಕೂತು ಬದಲಿಸಿ ಬನ್ನಿ.